ಹೆಸರಿನ ಕಾಲಂ

ಚನ್ನಮಲ್ಲಿ,

ನೀನು ನೀರು ತರುವುದರೊಳಗೆ ಹೊತ್ತಾಯಿತು, ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಡ್ಯೂಟಿಗೆ ಹೊರಟೆ. ಎದೆಬಡಿತ ಬರೆದುಕೊಳ್ಳುವ ಪೆಟ್ಟಿಗೆ ಕೊರಳಲ್ಲೇ ಇದೆ, ಲಿಂಗದ ಕರಡಿಗೆಯ ಪಕ್ಕದಲ್ಲಿ. ಮೂರು ಗಂಟೆ ಬಸ್ಸಿಗೆ ಮೈಸೂರಿಗೆ ಹೋಗಿ ಬಿಚ್ಚಿಸಿಕೊಳ್ಳಬೇಕು.

ಆಸ್ಪತ್ರೆ ಬಿಲ್ಲಿನ ಫಾರಂ ನಮ್ಮ ಆಫೀಸಿನಿಂದ ವಾಪಸ್ ಬಂದಿದೆ. ಈ ಪೆಟ್ಟಿಗೆಗೆ ಅವರ ಪರೀಕ್ಷೆಗಳ ಪಟ್ಟಿಯಲ್ಲಿ ನಂಬರೇ ಇಲ್ಲವಂತೆ. ಇಸಿಜಿ ನಂಬರನ್ನೇ ಹಾಕಿ, ‘ಇಡೀ ದಿನದ್ದು’ ಎಂದು ಸೇರಿಸು. ಅದು ಸುಲಭ. ಆದರೆ ರೋಗಿಯ ಹೆಸರಿನ ಮುಂದೆ ‘ನಮ್ಮ ಯಜಮಾನರು’ ಎಂದು ಬರೆದಿದ್ದೀಯಲ್ಲೇ! ಗುಮಾಸ್ತ ಜಡೇಸ್ವಾಮಿ ಎಲ್ಲರೆದುರು, “ಯಾವ ಯಜಮಾನ್ರು ಸಾ? ಎಸರು ಬರುಸ್ಕಂಡ್ ಬನ್ನಿ” ಅಂದ. ತುಂಬಿದವರೇ ತಿದ್ದಬೇಕಂತೆ.

ಕೆಳಗೆ ನನ್ನ ಹೆಸರಿದೆ, ನೋಡಿಕೊಂಡು ಬರೆ. ಬರೆದರೆ ಗಂಡನ ಆಯಸ್ಸೇನೂ ಕಡಿಮೆಯಾಗುವುದಿಲ್ಲ.

ನೀನು ನನ್ನ ಹೆಸರು ಹೇಳಿದ್ದು ಒಂದೇ ಸಲ. ಮದುವೆಯಾಗಿ ಯಳಂದೂರಿನಿಂದ ಬಂದ ದಿನ, ಇದೇ ಬಾಗಿಲಲ್ಲಿ ನಮ್ಮ ಅಕ್ಕಂದಿರು ಅಡ್ಡಗಟ್ಟಿದಾಗ, ಪದ ಕಟ್ಟಿ ಅದರೊಳಗೆ ಬಚ್ಚಿಟ್ಟು ಹೇಳಿದ್ದೆ. ಅವತ್ತು ಬಡಿದುಕೊಂಡ ಹಾಗೆ ಈ ಎದೆ ಮತ್ತೆಂದೂ ಬಡಿದುಕೊಂಡಿಲ್ಲ. ಆಗ ಬರೆದಿಡಲು ಪೆಟ್ಟಿಗೆ ಇರಲಿಲ್ಲ.

ಒಂದು ಗಂಟೆಗೆ ಊಟಕ್ಕೆ ಬಂದು ಅದೇ ಬಾಗಿಲಲ್ಲಿ ನಿಂತಿರುತ್ತೇನೆ. ಒಂದು ಸಲ ಹೆಸರು ಹಿಡಿದು ಕರೆ. ಪೆಟ್ಟಿಗೆ ಇನ್ನೂ ಎದೆಯ ಮೇಲೇ ಇರುತ್ತದೆ.

ವೃಷಭೇಂದ್ರಪ್ಪ