ಹಗ್ಗವನ್ನು ಮನೆಗೆ ಕಳುಹಿಸಿದ ತಪ್ಪಿನ ಬಗ್ಗೆ ಒಂದು ವಿನಂತಿ

ಬಿಸಿಲು ಶಕೆ ೨೦೬, ಎರಡನೇ ಚೈತ್ರದ ನಲವತ್ತೊಂದನೇ ದಿನ
ನೆರಳು ಕಚೇರಿ, ರಾಯಚೂರು

ನಮಗಿಂತ ಮೊದಲು ಬಾಳಿದ ಮಾನ್ಯ ಹಿರಿಯರ ಸನ್ನಿಧಿಗೆ,

ಸದರಿ ಕಚೇರಿಯ ಪತ್ರ ವಿಭಾಗದಲ್ಲಿ ಮೂವತ್ತೆಂಟು ವರ್ಷ ಸೇವೆ ಸಲ್ಲಿಸಿದ ಅಮರಯ್ಯನಾದ ನಾನು ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ತಾರೀಖು ನೋಡಿ ತಾವು ಗಾಬರಿಯಾಗಬಾರದು. ನಮ್ಮಲ್ಲಿ ಚೈತ್ರ ಎರಡು ಬಾರಿ ಬರುತ್ತದೆ, ಬಂದರೆ ಬೇಗ ಹೋಗುವುದಿಲ್ಲ. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಶೈಲಿ ಮಾತ್ರ ತಮ್ಮದೇ. ತಮ್ಮ ಕಾಲದಿಂದ ನಮಗೆ ಉಳಿದು ಬಂದಿರುವುದು ಒಂದು ಕಬ್ಬಿಣದ ಬೀರು ತುಂಬ ಅರ್ಜಿಗಳು ಮತ್ತು ಸುತ್ತೋಲೆಗಳು. ಅವೆಲ್ಲವನ್ನೂ ಹನ್ನೆರಡು ಸಲ ನಕಲು ಮಾಡಿ ಕಲಿತವನು ಈ ಊರಿನಲ್ಲಿ ನಾನೊಬ್ಬನೇ ಎಂದು ಸಂಕೋಚವಿಲ್ಲದೆ ಅರಿಕೆ ಮಾಡುತ್ತೇನೆ.

ನಮ್ಮ ಊರಿನ ಮೇಲೆ ಹಾಸುಗಳಿವೆ. ಹಾಸು ಎಂದರೆ ಓಣಿಯಷ್ಟು ಅಗಲದ ಬಟ್ಟೆ. ಎತ್ತರದ ಕಂಬಗಳ ನಡುವೆ ಅದನ್ನು ಕಟ್ಟಿರುತ್ತಾರೆ. ಸೂರ್ಯ ಸರಿದಂತೆ ಹಗ್ಗವೆಳೆದು ಅದನ್ನು ಸರಿಸುವವರು ನೆರಳಿಗರು, ಒಟ್ಟು ಅರವತ್ತು ಮಂದಿ. ಅವರಿದ್ದರೆ ಸಂತೆ ನಡೆಯುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಾರೆ, ತೊಟ್ಟಿಯ ನೀರು ಕುದಿಯುವುದಿಲ್ಲ. ಒಬ್ಬರ ಹಗ್ಗವನ್ನು ಇನ್ನೊಬ್ಬರು ಮುಟ್ಟುವ ಪದ್ಧತಿಯಿಲ್ಲ. ನೆರಳಿಗರಲ್ಲಿ ಯಾರಾದರೂ ತೀರಿಕೊಂಡರೆ ಮಾತ್ರ ಅವರ ಹಗ್ಗವನ್ನು ಬಿಚ್ಚಿ, ಹೊಸ ಬಟ್ಟೆಯಲ್ಲಿ ಸುತ್ತಿ, ಮನೆಯವರಿಗೆ ಗೌರವದಿಂದ ಒಪ್ಪಿಸುತ್ತಾರೆ.

ಈ ವರ್ಷ ತಮ್ಮದೇ ಹಗ್ಗಗಳಿಂದ ಹಾಸನ್ನು ಎಳೆಯುವ ಯಂತ್ರಗಳು ಬಂದವು. ಯಾರ ಕೆಲಸವೂ ಹೋಗುವುದಿಲ್ಲ. ಗಾಳಿ ಯಾವ ಕಡೆಯಿಂದ ಹೊಡೆದರೆ ಹಾಸನ್ನು ಎಷ್ಟು ಸಡಿಲಿಸಬೇಕೆಂದು ಆ ಯಂತ್ರಗಳಿಗೆ ನೆರಳಿಗರೇ ಕಲಿಸಬೇಕು. ಇದನ್ನು ಅವರಿಗೆ ತಿಳಿಸುವ ಭಾರ ನನ್ನ ಮೇಲೆ ಬಿತ್ತು. ನಾಲ್ಕು ಪುಟದ ಸುತ್ತೋಲೆ ಬರೆದೆ. ಕೆಲಸ ಹೋಗುವುದಿಲ್ಲವೆಂಬ ಭರವಸೆಯನ್ನು ಕ್ರಮ ತಪ್ಪದಂತೆ ನಾಲ್ಕನೇ ಪುಟದಲ್ಲಿ ಇಟ್ಟೆ. ಬರೀ ಕಾಗದ ಕಳುಹಿಸಿದರೆ ಮರ್ಯಾದೆಯಲ್ಲವೆಂದು, ಅರವತ್ತು ಹಗ್ಗಗಳನ್ನೂ ಬಿಚ್ಚಿಸಿ, ಹೊಸ ಬಟ್ಟೆಯಲ್ಲಿ ಸುತ್ತಿಸಿ, ಸುತ್ತೋಲೆಯ ಜೊತೆಗೆ ಅವರವರ ಮನೆಗೆ ತಲುಪಿಸಿದೆ. ಅದು ಗೌರವವೆಂದು ನನಗೆ ಗೊತ್ತಿತ್ತು. ಅದು ಯಾರಿಗೆ ಸಲ್ಲುವ ಗೌರವವೆಂದು ಯೋಚಿಸಲಿಲ್ಲ.

ಸಂತೆ ಓಣಿಯ ಹುಲಿಗೆಮ್ಮ ಇಪ್ಪತ್ತಾರು ವರ್ಷದಿಂದ ಹಾಸಿನ ಹಗ್ಗವೆಳೆಯುವವಳು. ಹಗ್ಗದ ಗಂಟು ಕಂಡಕೂಡಲೇ ಅವಳ ಅತ್ತೆ ಎದೆ ಬಡಿದುಕೊಂಡು ಅಳತೊಡಗಿದರಂತೆ. ಒಳಗಿನಿಂದ ಹುಲಿಗೆಮ್ಮ, "ಅತ್ತೀ, ನಾ ಇಲ್ಲೇ ಕುಂತು ರೊಟ್ಟಿ ತಿನ್ನಾಕತ್ತೀನಿ, ಯಾರಿಗೆ ಅಳ್ತಿ?" ಎಂದಳಂತೆ. ಆದರೆ ಗಂಟನ್ನು ಕಂಡ ಮೇಲೆ ಅವಳೂ ತಟ್ಟೆ ಸರಿಸಿದಳು. ಮರುದಿನ ಅರವತ್ತು ಮಂದಿಯಲ್ಲಿ ಒಬ್ಬರೂ ಕೆಲಸಕ್ಕೆ ಬರಲಿಲ್ಲ. ಯಂತ್ರಗಳು ತಮಗೆ ತೋಚಿದಂತೆ ಎಳೆದು ಸಂತೆಯ ಹಾಸನ್ನು ಹರಿದವು. ಇಂದಿಗೆ ನಾಲ್ಕು ದಿನ. ನಾಳೆಯಿಂದ ಉರಿವಾರ, ವರ್ಷದ ಅತಿ ಕಡು ಬಿಸಿಲಿನ ಏಳು ದಿನ. ಹಾಸಿಲ್ಲದ ಓಣಿಯಲ್ಲಿ ಜನ ಬದುಕುವುದು ಕಷ್ಟ.

ಇಂದು ಬೆಳಿಗ್ಗೆ ಸ್ಪಷ್ಟೀಕರಣ ಪತ್ರವೊಂದನ್ನು ಬರೆದುಕೊಂಡು ಹುಲಿಗೆಮ್ಮನ ಮನೆಗೆ ಹೋದೆ. ಪಕ್ಕದ ಮನೆಯ ನೆರಳಿಗ ಮಾನಶಪ್ಪ ಕಟ್ಟೆಯ ಮೇಲಿದ್ದವನು, "ಅಮರಯ್ಯಾರ, ನನ್ನ ಹಗ್ಗನೂ ಬಂದೈತ್ರೀ. ಮಣ್ಣಿಗೆ ಯಾವಾಗ ಬರ್ತೀರಿ?" ಎಂದು ಕೇಳಿದ. ತನ್ನದೇ ಶವಸಂಸ್ಕಾರಕ್ಕೆ ಕರೆದವನಿಗೆ ಕೈಮುಗಿದು ಒಳಗೆ ಹೋದೆ. ಹುಲಿಗೆಮ್ಮ ನೀರು ಕೊಟ್ಟು, ಎದುರಿಗೆ ಕುಳಿತು, ಪತ್ರವನ್ನು ಕೊನೆಯವರೆಗೂ ಕೇಳಿದಳು. ಆಮೇಲೆ, "ಓದೂದು ಮುಗೀತಲ್ರೀ? ಈಗ ಹೇಳ್ರಿ" ಎಂದಳು.

ಏನು ಹೇಳುವುದು? ಹೇಳಬೇಕಾದದ್ದನ್ನೆಲ್ಲ ಆಗಷ್ಟೇ ಓದಿದ್ದೆನಲ್ಲ? "ಸದರಿ ವಿಷಯವಾಗಿ" ಎಂದು ಆರಂಭಿಸಿದೆ. ಅವಳು ಕೈ ಅಡ್ಡ ಹಿಡಿದು, "ನಾ ಬರ್ಬೇಕೋ ಬ್ಯಾಡೋ? ಅಷ್ಟ" ಎಂದಳು. ಪತ್ರ ಮಡಚಿಕೊಂಡು ಎದ್ದು ಬಂದೆ.

ಈ ಕಾಗದವನ್ನು ಹಿಂದಂಚೆಗೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲಿಗೆ, ಹಾಕುತ್ತಿರುವುದು ಅದಕ್ಕಾಗಿಯೇ. ತಮ್ಮ ಕಚೇರಿಗಳಲ್ಲಿಯೂ ಕೆಲಸ ಬದಲಾಗಿರಬೇಕು. ಆಗ ತಾವು ಎದುರು ನಿಂತವರಿಗೆ ನಿಜವಾಗಿಯೂ "ಈ ಮೂಲಕ ತಿಳಿಯಪಡಿಸಲಾಗಿದೆ" ಎನ್ನುತ್ತಿದ್ದಿರಾ? ಅಥವಾ ಬೇರೆ ಮಾತುಗಳಿದ್ದು, ಅವನ್ನು ತಾವು ಫೈಲಿಗೆ ಸೇರಿಸಲೇ ಇಲ್ಲವೇ? ಹಾಗಿದ್ದರೆ ಅವು ಯಾವುವು? ಬೀರುವನ್ನೆಲ್ಲ ಮತ್ತೊಮ್ಮೆ ಹುಡುಕಿದೆ. ಒಂದೂ ಸಿಗಲಿಲ್ಲ.

ತಮ್ಮ ಉತ್ತರ ಉರಿವಾರಕ್ಕೆ ಮೊದಲು ಬರಲಾರದು. ಆದ್ದರಿಂದ ನಾನೇ ಒಂದನ್ನು ಬರೆದು ನೋಡಿದೆ: "ಹುಲಿಗೆಮ್ಮಾ, ತಪ್ಪಾತವ್ವಾ. ನೀವು ಇಲ್ಲಾಂದ್ರ ನಮಗ ಏನೂ ತಿಳಿಯಾಂಗಿಲ್ಲ. ಬರ್ರಿ." ಇದಕ್ಕೆ ವಿಷಯವಿಲ್ಲ, ಉಲ್ಲೇಖವಿಲ್ಲ, ಮೊಹರು ಒತ್ತಲು ಜಾಗವೂ ಇಲ್ಲ. ಮೂವತ್ತೆಂಟು ವರ್ಷದ ಸೇವೆಯಾದವನು ಇಷ್ಟನ್ನೇ ಹೇಳಬಹುದೇ ಎಂಬುದು ತಿಳಿಯದು. ಆದರೂ ಆ ಚೀಟಿಯನ್ನು ಮೇಜಿನ ಮೇಲೆಯೇ ಬಿಟ್ಟು, ಬಾಯಲ್ಲೇ ಹೇಳಲು, ಉರಿವಾರ ಕಾಲಿಡುವ ಮೊದಲು ಅವಳ ಮನೆಗೆ ಹೊರಟಿದ್ದೇನೆ.

ಇಂತಿ ತಮ್ಮ ವಿಧೇಯ,
ಅಮರಯ್ಯ