ಲಿಖಿತ ಉತ್ತರ ಬೇಡ

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನೆ ನೀನು ದೂರವಾಣಿಯಲ್ಲಿ, "ಅಕ್ಕಾ, ನಾಡಿದ್ದು ಲೆಕ್ಕಪತ್ರ ಸಮಿತೀಲಿ ನನ್ನ ಏನು ಕೇಳ್ತೀಯ?" ಎಂದೆ. ಸಮಿತಿಯ ಅಧ್ಯಕ್ಷೆಯಾಗಿ ನಾನು ಉತ್ತರಿಸುವಂತಿರಲಿಲ್ಲ, ದೂರವಾಣಿ ಇಟ್ಟುಬಿಟ್ಟೆ. ಆಗಿನಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ. ಒಗೆದ ಬಟ್ಟೆಗಳನ್ನೇ ಮತ್ತೆ ನೆನೆಹಾಕಿದ್ದೇನೆ.

ಪ್ರಶ್ನೆ ಊರಿಗೆಲ್ಲ ತಿಳಿದದ್ದೇ. ಕುಡಿಯುವ ನೀರಿನ ಕೊಳವೆಗಳಿಗೆಂದು ಎತ್ತಿದ ತೆರಿಗೆ ಮಂತ್ರಿಗಳ ಹೊಸ ಕಚೇರಿಗೆ ಹೇಗೆ ಹೋಯಿತು? ರುಜು ಹಾಕಿದವನು ಹಣಕಾಸು ಕಾರ್ಯದರ್ಶಿಯಾದ ನೀನು. ಹಾಕಿಸಿದವರು ಯಾರೆಂಬುದು ಸಂಸತ್ತಿಗೆ ತಿಳಿಯಬೇಕು. ಇಂಥಲ್ಲಿ ಅಧಿಕಾರಿಗಳು "ಲಿಖಿತ ಉತ್ತರ ಕೊಡ್ತೀವಿ" ಎಂದು ಜಾರಿಕೊಳ್ಳುತ್ತಾರೆ. ಉತ್ತರ ಬರುವ ವೇಳೆಗೆ ಸಮಿತಿಯೇ ಬದಲಾಗಿರುತ್ತದೆ. ನೀನು ಹಾಗೆ ಮಾಡಬೇಡ.

ವಿರೋಧ ಪಕ್ಷದ ಹಿರಿಯ ಸದಸ್ಯರು ಇಂದು ಮೊಗಸಾಲೆಯಲ್ಲಿ ಸಿಕ್ಕಿ, "ಕೇಳೋದು ಅಕ್ಕ, ಹೇಳೋದು ತಮ್ಮ. ಮನೇಲೇ ಮುಗಿಸ್ಕೊಂಡಿದ್ರೆ ನಮಗೆ ಬರೋ ಖರ್ಚಾದ್ರೂ ಉಳೀತಿತ್ತಲ್ಲಮ್ಮಾ" ಎಂದರು. ಕುಹಕವಾದರೂ ಮಾತು ಸರಿ. ನಾಳೆಯ ಮಟ್ಟಿಗೆ ಅಧ್ಯಕ್ಷಪೀಠವನ್ನು ಅವರಿಗೇ ಬಿಟ್ಟುಕೊಟ್ಟಿದ್ದೇನೆ. ಈ ಪತ್ರದ ಪ್ರತಿಯನ್ನೂ ಅವರಿಗೆ ಕೊಡುತ್ತಿದ್ದೇನೆ. ಅವರು ನಿನಗೆ ಎಳ್ಳಷ್ಟೂ ರಿಯಾಯಿತಿ ತೋರುವವರಲ್ಲ. ಆದರೆ ನೀನು ಆಡಿದ ನಿಜವನ್ನು ಅಕ್ಕನ ದಾಕ್ಷಿಣ್ಯಕ್ಕೆ ಆಡಿದ್ದೆಂದು ಆಗ ಯಾರೂ ತಳ್ಳಿಹಾಕಲಾರರು.

ಹುದ್ದೆ ಹೋಗಬಹುದು. ನಿನ್ನ ಹೆಂಡತಿಗೆ ಇಂದೇ ತಿಳಿಸು. ಅವಳು ಅದನ್ನು ವಾರ್ತೆಯಲ್ಲಿ ಕೇಳುವಂತಾಗಬಾರದು. ಬೆಳಗ್ಗೆ ಏನಾದರೂ ತಿಂದು ಬಾ. ಹಸಿದಾಗ ನಿನಗೆ ಮಾತು ತೊದಲುತ್ತದೆ.

ನಾನು ಸಾರ್ವಜನಿಕರ ಸಾಲಿನಲ್ಲಿ, ನಿನ್ನ ಬೆನ್ನಿಗೇ ಕುಳಿತಿರುತ್ತೇನೆ. ತಿರುಗಿ ನೋಡಬೇಡ.

ಇತಿ,
ನಿನ್ನ ಅಕ್ಕ