ಅಮಾಸಿ ದಿನದ ಸಹಿ

೨೦ ನವೆಂಬರ, ಗುರುವಾರ. ಅಮಾಸಿ.

ಬೈಲಹೊಂಗಲದ ಮನಿ ನನಗ ಮಾರತೇನಂತ ಕರಾರು ಬರದುಕೊಟ್ಟ ವೆಂಕಣ್ಣನವರು ಖರೀದಿಪತ್ರ ಮಾಡಿಕೊಡಾಕ ಮಾತ್ರ ಬರವೊಲ್ಲರು. ಮೊದಲ ಪಿತೃಪಕ್ಷ ಅಂದರು, ಆಮ್ಯಾಲ ದೀಪಾವಳಿ ಅಂದರು. ಹತ್ತ ದಿನಕ್ಕ ಕರಾರಿನ ಮುದತು ಮುಗೀತೈತಿ. ಅದನ್ನ ಕಾಯಾಕ ಹತ್ತ್ಯಾರೇನು?

"ಮುದತಿನೊಳಗ ನೀವು ತಯಾರಿದ್ದೀರಂತ ನೋಟಿಸು ಮುಟ್ಟಬೇಕು, ಮುಟ್ಟಿದ್ದಕ್ಕ ಅವರ ಸಹಿ ಬೇಕು" ಅಂತ ನಮ್ಮ ವಕೀಲರು ಮೊನ್ನಿ ಅದನ್ನ ಟಪಾಲಿಗೆ ಹಾಕಿಸಿದರು. ನನಗ ಟಪಾಲಿನ ಮ್ಯಾಲೂ ನಂಬಿಕಿ ಇಲ್ಲ. ಮುದತು ಹೆಚ್ಚಿಸೋ ಹಾಳಿ ಬರಸಿಕೊಂಡು ಇವತ್ತ ನಾನ ಸಂಪಗಾಂವಕ್ಕ ಅವರ ಮನಿಗೆ ಹೋದೆ.

"ಅಮಾಸಿ ಅದರೀ ಅಕ್ಕಾರ, ಇವತ್ತ ಸಹಿ ಮಾಡೂದಿಲ್ಲ" ಅಂತ ಪಂಚಾಂಗ ತಗದು ತೋರಿಸಿದರು. ನಮ್ಮ ಮನ್ಯಾಗ ಅಮಾಸಿಗೇ ಹೊಸಾ ಕೆಲಸ ಹಿಡಿತೇವಿ. ಏನ ಹೇಳೂದು ಇವರಿಗೆ?

ಅಷ್ಟರಾಗ ಪೋಸ್ಟಮನ್ ಲಕೋಟಿ ತಂದ. ವೆಂಕಣ್ಣನವರು ನನ್ನ ಪೆನ್ನ ಇಸಗೊಂಡು, ಯಾರದಂತ ಸೈತ ನೋಡದ, ಮುಟ್ಟಿದ ಚೀಟಿ ಮ್ಯಾಲ ಪಟ್ಟನ ಸಹಿ ಹಾಕಿದರು. ಒಡದರ ನನ್ನ ನೋಟಿಸು! ಪೂರಾ ಓದಿ, ಮಡಚಿ ಪಂಚಾಂಗದಾಗ ಇಟ್ಟು, ನಕ್ಕರು.

"ಚಾ ತಗೋರಿ."

ಯಾಕ ನಕ್ಕರೋ. ನಾ ಚಾ ಬಾಯಿಗೆ ಹಚ್ಚಲಿಲ್ಲ.